ನೋಡೋಕೆ ಚೆನ್ನಾಗೇ ಇದ್ದಾರಲ್ಲ, ಇವರಿಗ್ಯಾಕೆ ಸರ್ವಿಸ್ ಡಾಗ್?

ಪ್ರಶ್ನೆ: ನಾನು ಅಮೆರಿಕದಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಸೂಪರ್‌ವೈಸರ್. ಹೋದ ತಿಂಗಳು ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಲ್ಯಾಬ್ರಡಾರ್ ನಾಯಿ ಜೊತೆ ಒಳಗೆ ಬಂದರು. ಕಣ್ಣು ಕಾಣುತ್ತೆ, ಚುರುಕಾಗಿ ನಡೀತಾರೆ. ಬಿಲ್ ಕಟ್ಟುವ ಕ್ಯೂನಲ್ಲಿ ನಿಂತಿದ್ದಾಗ "ನಿಮಗೇನು ತೊಂದರೆ? ಕಾರ್ಡ್ ಇದೆಯಾ?" ಎಂದು ಕೇಳಿದೆ. "ಪಿಟಿಎಸ್‌ಡಿ" ಎಂದರು, ಭಯಾನಕ ಘಟನೆಯೊಂದರ ಆಘಾತ ಮನಸ್ಸಿನಿಂದ ಹೋಗದೆ ಕಾಡುವ ಕಾಯಿಲೆಯಂತೆ. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು "ಸೈನ್ಯದಲ್ಲಿದ್ರಾ?" ಎಂದರು. ಆಕೆ ಉತ್ತರ ಕೊಡದೆ ಬುಟ್ಟಿ ಅಲ್ಲೇ ಬಿಟ್ಟು ಹೊರಟುಹೋದರು. ಅದಕ್ಕೆ ಒಂದು ವಾರ ಮುಂಚೆ ‘ಸರ್ವಿಸ್ ಡಾಗ್’ ಎಂದು ಬರೆದ ಜಾಕೆಟ್ ಹಾಕಿದ್ದ ಇನ್ನೊಂದು ನಾಯಿ ಮಗುವಿನ ಮೇಲೆ ಹಾರಿ ರಂಪವಾಗಿತ್ತು. ಯಾರನ್ನು ನಂಬೋದು? ನಾನು ಮಾಡಿದ್ದು ತಪ್ಪಾ?

ಉತ್ತರ:

ತಪ್ಪಾಯಿತು. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಅಂಗಡಿಯ ಜವಾಬ್ದಾರಿ ನಿಮ್ಮ ಮೇಲಿದೆ. ನಾಯಿ ಒಳಗೆ ಬಂದರೆ ವಿಚಾರಿಸುವ ಹಕ್ಕೂ ಇದೆ. ಆದರೆ ನೀವು ನೋಡಿದ್ದು ಹಗ್ಗದ ಒಂದೇ ತುದಿಯನ್ನು. ಆಕೆಯ ಕಣ್ಣು ನೋಡಿದಿರಿ, ಕಾಲು ನೋಡಿದಿರಿ, ನಡಿಗೆ ನೋಡಿದಿರಿ. ಆ ಲ್ಯಾಬ್ರಡಾರ್ ಏನು ಮಾಡುತ್ತಿತ್ತು ಎಂದು ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅದು ಬೊಗಳಿದ್ದರೆ, ಎಳೆದಾಡಿದ್ದರೆ, ಸಾಮಾನಿಗೆ ಮೂಗು ಹಾಕಿದ್ದರೆ ನೀವು ಖಂಡಿತ ಬರೆಯುತ್ತಿದ್ದಿರಿ. ಇನ್ನೊಂದು ನಾಯಿ ಬಗ್ಗೆ ಮಾತ್ರ "ಹಾರಿತು" ಎಂದು ಬರೆದಿದ್ದೀರಿ. ಯಾರನ್ನು ನಂಬೋದು ಅನ್ನೋದಕ್ಕೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಅಲ್ವಾ?

ಸರ್ವಿಸ್ ಡಾಗ್ ಅಂದರೆ ಅಂಗವಿಕಲತೆ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿ. ಅಂಥ ನಾಯಿಗಳನ್ನು ತಯಾರು ಮಾಡುವವರ ಜೊತೆ ನಾನು ಕೆಲವು ವರ್ಷ ಕೌನ್ಸೆಲರ್ ಆಗಿ ಕೆಲಸ ಮಾಡಿದ್ದೇನೆ. ಕಣ್ಣು ಕಾಣದವರ ನಾಯಿಯ ಕೆಲಸ ಯಾರಿಗಾದರೂ ಅರ್ಥವಾಗುತ್ತದೆ. ಅದರ ಬೆನ್ನ ಮೇಲೆ ಗಟ್ಟಿ ಹಿಡಿಕೆ ಇರುತ್ತದೆ. ಮೆಟ್ಟಿಲು ಬಂದರೆ ನಿಲ್ಲುತ್ತದೆ, ಅಡ್ಡ ಏನಾದರೂ ಇದ್ದರೆ ಬಳಸಿಕೊಂಡು ಹೋಗುತ್ತದೆ. ಪಿಟಿಎಸ್‌ಡಿ ಇರುವವರ ನಾಯಿ ಹಾಗಲ್ಲ. ಹೆಚ್ಚಿನ ಹೊತ್ತು ಸುಮ್ನೆ ನಿಂತಿರುತ್ತದೆ, ಇಲ್ಲ ಕಾಲ ಬುಡದಲ್ಲಿ ಬಿದ್ದುಕೊಂಡಿರುತ್ತದೆ. ನೋಡುವವರಿಗೆ ಸಾಕಿದ ನಾಯಿಯನ್ನು ಸುತ್ತಾಡಿಸೋಕೆ ಕರ್ಕೊಂಡು ಬಂದಿದ್ದಾರೆ ಎಂದೇ ಅನ್ನಿಸುತ್ತದೆ.

ಒಂದು ದಿನ ಹೀಗೇ ಬಿಲ್ಲಿನ ಕ್ಯೂನಲ್ಲಿ ಒಬ್ಬ ಹ್ಯಾಂಡ್ಲರ್ ಪಕ್ಕದಲ್ಲಿ ನಿಂತಿದ್ದೆ. ಹ್ಯಾಂಡ್ಲರ್ ಅಂದರೆ ಯಾರಿಗಾಗಿ ನಾಯಿ ಕೆಲಸ ಮಾಡುತ್ತದೋ ಅವರು. ಹಿಂದೆ ಯಾರೋ ಬಂದು ತೀರಾ ಹತ್ತಿರ ನಿಂತರು. ಆಕೆ ತಿರುಗಿ ನೋಡಲಿಲ್ಲ. ಎಡಗೈಯ ಎರಡು ಬೆರಳನ್ನು ಸ್ವಲ್ಪ ಹಿಂದಕ್ಕೆ ತೋರಿಸಿದರು. ನಾಯಿ ಎದ್ದು, ಅರ್ಧ ಸುತ್ತು ತಿರುಗಿ, ಆಕೆಯ ಕಾಲಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಕೂತಿತು. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಸುಮ್ನೆ ಜಾಗ ಹಿಡಿದುಕೊಂಡಿತು. ಹಿಂದಿದ್ದವರು ತಾವಾಗೇ ಒಂದು ಹೆಜ್ಜೆ ಸರಿದರು. ಇದಕ್ಕೆ ‘ಕವರ್’ ಅಂತಾರೆ. ಮುಂದೆ ಅಡ್ಡ ನಿಂತರೆ ‘ಬ್ಲಾಕ್’. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನುವುದನ್ನು ತಡೆದುಕೊಳ್ಳಲಾಗದವರಿಗೆ ಆ ಒಂದು ಹೆಜ್ಜೆ ಬಹಳ ದೊಡ್ಡದು.

ಕ್ಯೂ ಇನ್ನೂ ಮುಂದೆ ಸರಿದಿರಲಿಲ್ಲ. ಆಕೆ ಹೆಬ್ಬೆರಳಿನ ಉಗುರಿನಿಂದ ಪಕ್ಕದ ಬೆರಳನ್ನು ಕೆರೆಯುತ್ತಿದ್ದರು. ಅಷ್ಟು ಹತ್ತಿರ ಇದ್ದರೂ ನನಗೆ ಕಾಣಲಿಲ್ಲ. ಬೆನ್ನು ತಿರುಗಿಸಿ ಕೂತಿದ್ದ ನಾಯಿಗೆ ಹೇಗೋ ಗೊತ್ತಾಯಿತು. ಎದ್ದು ಬಂದು ಮೂಗಿನಿಂದ ಆ ಕೈಯನ್ನು ತಟ್ಟಿತು. ಆಕೆ ನಿಲ್ಲಿಸಲಿಲ್ಲ. ಮತ್ತೆ ತಟ್ಟಿತು, ಈ ಸಲ ಜೋರಾಗಿ. ಆಗ ಆಕೆ ಕೆಳಗೆ ನೋಡಿ, ಉದ್ದಕ್ಕೆ ಉಸಿರು ಬಿಟ್ಟು, ಅದರ ಕುತ್ತಿಗೆಯ ಮೇಲೆ ಕೈ ಇಟ್ಟರು. ನಾವು ಬಿಲ್ ಕಟ್ಟಿ ಹೊರಗೆ ಬಂದೆವು. ಸುತ್ತ ಇದ್ದ ಹತ್ತು ಜನರಲ್ಲಿ ಒಬ್ಬರಿಗೂ ಅಲ್ಲಿ ಏನಾಯಿತು ಎಂದು ಗೊತ್ತಿಲ್ಲ.

ರಾತ್ರಿಯ ಕೆಲಸ ಇನ್ನೂ ಬೇರೆ. ಕೆಟ್ಟ ಕನಸಿನಲ್ಲಿ ಒದ್ದಾಡುತ್ತಿರುವವರನ್ನು ಮನೆಯವರು ಅಲುಗಾಡಿಸಿ ಎಬ್ಬಿಸಿದರೆ, ಅರೆ ಎಚ್ಚರದಲ್ಲಿ ಕೈ ಬೀಸಿಬಿಡುವುದು ಉಂಟು. ಅದಕ್ಕೇ ನಾಯಿಗೆ ಹೊದಿಕೆ ಎಳೆಯೋಕೆ, ಮುಖ ನೆಕ್ಕೋಕೆ, ಲೈಟಿನ ಸ್ವಿಚ್ ಒತ್ತೋಕೆ ಕಲಿಸುತ್ತಾರೆ. ಜನಜಂಗುಳಿಯಲ್ಲಿ ಉಸಿರು ಕಟ್ಟಿದ ಹಾಗೆ ಆದರೆ ಬಾಗಿಲ ಕಡೆಗೆ ಎಳೆದುಕೊಂಡು ಹೋಗಲು ಕಲಿಸುತ್ತಾರೆ. ತೊಡೆ ಮೇಲೆ, ಎದೆ ಮೇಲೆ ಪೂರ್ತಿ ಭಾರ ಬಿಟ್ಟು ಮಲಗೋದು ಇನ್ನೊಂದು ಪಾಠ. ಅದರ ಹೆಸರು ‘ಡೀಪ್ ಪ್ರೆಶರ್’. ದಪ್ಪ ಕಂಬಳಿ ಹೊದ್ದಾಗ ಮೈ ಸಡಿಲವಾಗುತ್ತದಲ್ಲ, ಆ ಥರ. ಇಷ್ಟೆಲ್ಲ ಕಲಿಯೋಕೆ ಒಂದೂವರೆ, ಎರಡು ವರ್ಷ ಬೇಕು. ಶುರುಮಾಡಿದ ನಾಯಿಗಳಲ್ಲಿ ಬೇಕಾದಷ್ಟು ಅರ್ಧದಲ್ಲೇ ಕೈಬಿಡುತ್ತವೆ. ಒಂದಕ್ಕೆ ಟ್ರಾಲಿ ಸದ್ದು ಆಗಲ್ಲ, ಇನ್ನೊಂದಕ್ಕೆ ಅಳಿಲು ಕಂಡರೆ ಪ್ರಪಂಚ ಮರೆತುಹೋಗುತ್ತದೆ.

ಇನ್ನು ಕಾನೂನು. ನಿಮ್ಮ ಕೆಲಸಕ್ಕೆ ಇದು ಬಾಯಿಪಾಠ ಆಗಿರಬೇಕು. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್ ಅಡಿಯಲ್ಲಿ, ಅಂದರೆ ಎಡಿಎ ಅಡಿಯಲ್ಲಿ, ಅಂಗವಿಕಲತೆ ಇರುವ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸ ಕಲಿತ ನಾಯಿಯೇ ಸರ್ವಿಸ್ ಡಾಗ್. 2011ರಲ್ಲಿ ಜಾರಿಗೆ ಬಂದ ತಿದ್ದುಪಡಿ ನಿಯಮ ಮಾನಸಿಕ ತೊಂದರೆಗೆ ಕೆಲಸ ಮಾಡುವ ನಾಯಿಯನ್ನೂ ಬಿಡಿಸಿ ಹೇಳಿದೆ. ನಾಯಿ ಯಾಕೆ ಎಂದು ನೋಡಿದರೆ ಗೊತ್ತಾಗದಿದ್ದಾಗ ನೀವು ಎರಡೇ ಪ್ರಶ್ನೆ ಕೇಳಬಹುದು. ಅಂಗವಿಕಲತೆಯ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗಾ ಇದು? ಯಾವ ಕೆಲಸ ಮಾಡಲು ಇದಕ್ಕೆ ತರಬೇತಿ ಕೊಟ್ಟಿದ್ದಾರೆ? ಅಲ್ಲಿಗೆ ಮುಗೀತು. ಏನು ಕಾಯಿಲೆ ಎಂದು ಕೇಳುವ ಹಾಗಿಲ್ಲ. ಕಾರ್ಡ್ ಕೇಳುವ ಹಾಗಿಲ್ಲ. "ಎಲ್ಲಿ, ಮಾಡಿ ತೋರಿಸು" ಅನ್ನುವ ಹಾಗೂ ಇಲ್ಲ. ನೀವು ಕೇಳಿದ ಎರಡೂ ಪ್ರಶ್ನೆ ಈ ಗೆರೆಯ ಆಚೆಗಿದ್ದವು.

ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ಕಿವಿಗೊಟ್ಟು ಕೇಳಿ. "ಪ್ಯಾನಿಕ್ ಶುರುವಾಗೋ ಮುಂಚೆ ಕೈ ತಟ್ಟಿ ಎಚ್ಚರಿಸುತ್ತೆ, ಹೊರಗೆ ಕರ್ಕೊಂಡು ಹೋಗುತ್ತೆ" ಅಂದರೆ ಅದು ಕೆಲಸ. "ಇದು ಜೊತೆಗಿದ್ದರೆ ನನಗೆ ನೆಮ್ಮದಿ" ಅಂದರೆ ಎಡಿಎ ಲೆಕ್ಕದಲ್ಲಿ ಅದು ಕೆಲಸ ಅಲ್ಲ. ಅಂಥ ನಾಯಿಯನ್ನು ಎಮೋಷನಲ್ ಸಪೋರ್ಟ್ ನಾಯಿ ಅಂತಾರೆ. ಆ ನೆಮ್ಮದಿ ಸುಳ್ಳು ಎಂದು ನಾನು ಹೇಳ್ತಿಲ್ಲ. ಅಂಗಡಿಯೊಳಗೆ ಬರುವ ಹಕ್ಕು ಮಾತ್ರ ಅದಕ್ಕಿಲ್ಲ. ವಿಮಾನದಲ್ಲೂ 2021ರ ಜನವರಿಯಿಂದ ಅದನ್ನು ಸರ್ವಿಸ್ ಡಾಗ್ ಥರ ನಡೆಸಿಕೊಳ್ಳಬೇಕಾಗಿಲ್ಲ. ಜನರ ಸಿಟ್ಟಿನ ಒಂದು ಬೇರು ಈ ಗೊಂದಲದಲ್ಲೇ ಇದೆ. ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ಒಂದು ಹಾರಿದರೆ ಇನ್ನೊಂದಕ್ಕೆ ಬೈಗುಳ.

ಜಾಕೆಟ್ ವಿಷಯ ಕೇಳಿದರೆ ನಿಮಗೆ ಬೇಜಾರಾಗಬಹುದು. ಎಡಿಎ ಪ್ರಕಾರ ಸರ್ವಿಸ್ ಡಾಗಿಗೆ ಜಾಕೆಟ್ ಬೇಕಿಲ್ಲ, ನೋಂದಣಿ ಬೇಕಿಲ್ಲ. ಸಂಸ್ಥೆಯಲ್ಲೇ ಕಲಿತಿರಬೇಕು ಅಂತಲೂ ಇಲ್ಲ. ತಮ್ಮ ನಾಯಿಗೆ ತಾವೇ ಕಲಿಸಿಕೊಳ್ಳಬಹುದು. ಹಾಗಾಗಿ ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸುವ ಸರ್ಟಿಫಿಕೇಟ್, ಫೋಟೋ ಹಾಕಿದ ಕಾರ್ಡ್, ಇವಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ನೀವು ಕಾರ್ಡ್ ಕೇಳಿದಿರಿ ಎಂದುಕೊಳ್ಳಿ. ನಿಯತ್ತಾಗಿರುವವರ ಹತ್ತಿರ ಅದು ಇಲ್ಲದೆಯೂ ಇರಬಹುದು. ಮೋಸ ಮಾಡುವವರು ಮಾತ್ರ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ! ಸಾಕಿದ ನಾಯಿಗೆ ಸರ್ವಿಸ್ ಡಾಗ್ ವೇಷ ಹಾಕಿಸುವುದು ಹಲವು ರಾಜ್ಯಗಳಲ್ಲಿ ದಂಡ ಬೀಳುವ ಅಪರಾಧ. ನನ್ನನ್ನು ಕೇಳಿದರೆ ಈ ವೇಷದವರ ಮೇಲೆ ನಿಮಗಿಂತ ಜಾಸ್ತಿ ಸಿಟ್ಟು ನಿಜವಾದ ಹ್ಯಾಂಡ್ಲರ್‌ಗಳಿಗಿದೆ. ಕಲಿಯದ ನಾಯಿ ಒಂದು ಸಲ ಮೈಮೇಲೆ ಬಿದ್ದರೆ ಕಲಿತ ನಾಯಿಯೂ ಹೆದರಿ ಕೆಲಸಕ್ಕೆ ಬಾರದಂತಾಗಬಹುದು. ಎರಡು ವರ್ಷದ ಶ್ರಮ ಅರ್ಧ ನಿಮಿಷದಲ್ಲಿ ಹೋಯಿತು.

ಹಾಗಂತ ನಿಮ್ಮ ಕೈ ಕಟ್ಟಿಹಾಕಿಲ್ಲ. ನಾಯಿ ಹತೋಟಿ ತಪ್ಪಿದೆ, ಜೊತೆಯಲ್ಲಿರುವವರು ಅದನ್ನು ಸರಿಮಾಡುತ್ತಿಲ್ಲ ಅಂದರೆ ಹೊರಗೆ ಕಳಿಸಬಹುದು. ಒಳಗೆ ಗಲೀಜು ಮಾಡಿದರೂ ಕಳಿಸಬಹುದು. ಅಸಲಿ ಸರ್ವಿಸ್ ಡಾಗ್ ಆದರೂ ಅಷ್ಟೇ. ಮಗುವಿನ ಮೇಲೆ ಹಾರಿದ ನಾಯಿಯನ್ನು ಆ ವಾರ ನೀವು ಧೈರ್ಯವಾಗಿ ಹೊರಗೆ ಕಳಿಸಬಹುದಿತ್ತು. ನಾಯಿಯನ್ನು ಬಿಟ್ಟು ಬಂದರೆ ಸಾಮಾನು ಕೊಡ್ತೀವಿ ಎಂದು ಮಾತ್ರ ಹೇಳಬೇಕು. ಅದರ ಮಾಲೀಕರಿಗೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಇನ್ನೊಬ್ಬ ಗಿರಾಕಿಗೆ ನಾಯಿ ಕಂಡರೆ ಭಯ, ಅಲರ್ಜಿ ಅನ್ನುವುದು ಮಾತ್ರ ಕಾರಣ ಆಗಲ್ಲ. ಇಬ್ಬರಿಗೂ ದೂರ ದೂರ ಜಾಗ ಮಾಡಿಕೊಡಬೇಕು.

ಈಗ ನಿಮ್ಮ ಕ್ಯೂನಲ್ಲಿ ನಿಂತು "ಸೈನ್ಯದಲ್ಲಿದ್ರಾ?" ಎಂದವರ ಬಗ್ಗೆ. ಪತ್ರ ಓದುವಾಗ ನನಗೆ ಚುರ್ ಅಂದಿದ್ದು ಅಲ್ಲೇ. ಬಹುಶಃ ಅವರು ಗೌರವದಿಂದಲೇ ಕೇಳಿರಬೇಕು. ಹೌದು ಅಂದಿದ್ದರೆ ಕೈ ಕುಲುಕುತ್ತಿದ್ದರೇನೋ. ಇದಕ್ಕೆ ಹಿನ್ನೆಲೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಮೈಮೇಲೆ ಗಾಯವೇ ಇಲ್ಲದೆ ನಡುಗುತ್ತಿದ್ದ, ಮಾತು ನಿಂತುಹೋಗಿದ್ದ ಸೈನಿಕರನ್ನು ಕಂಡು ‘ಶೆಲ್ ಶಾಕ್’ ಅಂದರು. ಹೇಡಿಗಳು ಎಂದು ಬೈದವರೂ ಇದ್ದರು. ವಿಯೆಟ್ನಾಂ ಯುದ್ಧದಿಂದ ಬಂದವರು ಪಟ್ಟು ಹಿಡಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅನ್ನುವ ಹೆಸರು ಸೇರಿತು. ಹಾಗಾಗಿ ಪಿಟಿಎಸ್‌ಡಿ ಅಂದ ಕೂಡಲೇ ಜನರ ಕಣ್ಣ ಮುಂದೆ ಸೈನಿಕ ಬಂದು ನಿಲ್ಲುತ್ತಾನೆ.

ಆದರೆ ವಾಹನ ಅಪಘಾತದಿಂದ ಬದುಕಿ ಬಂದವರಿಗೂ ಇದು ಬರುತ್ತದೆ. ಬೆಂಕಿ, ಭೂಕಂಪ, ಮನೆಯೊಳಗಿನ ಹೊಡೆತ, ಅತ್ಯಾಚಾರ, ಕಣ್ಣೆದುರೇ ನಡೆದ ಸಾವು. ಅಮೆರಿಕದ ಲೆಕ್ಕದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು. "ಸೈನ್ಯದಲ್ಲಿದ್ರಾ?" ಎಂದು ಕೇಳಿದಾಗ "ಇಲ್ಲ" ಎಂದರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ: ಹಾಗಾದರೆ ಏನಾಗಿತ್ತು? ಆ ಹೆಣ್ಣುಮಗಳಿಗೆ ಏನಾಗಿತ್ತು ಎಂದು ನನಗೂ ಗೊತ್ತಿಲ್ಲ, ನಿಮಗೂ ಬೇಡ. ಆದರೆ ಜೀವನದ ಅತಿ ಕೆಟ್ಟ ದಿನ ಯಾವುದು ಎಂದು ಬಿಲ್ ಕಟ್ಟುವ ಕ್ಯೂನಲ್ಲಿ, ಗುರುತಿಲ್ಲದವರ ಮುಂದೆ, ಯಾರು ತಾನೇ ಹೇಳುತ್ತಾರೆ? ಆಕೆ ಬುಟ್ಟಿ ಬಿಟ್ಟು ಹೋದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಅನುಮಾನದ ಇನ್ನೊಂದು ಬೇರು ಹಳೆಯದು. ಅಮೆರಿಕದಲ್ಲಿ ನಾಯಿಯ ಜೊತೆ ಒಳಗೆ ಬರುವ ಹಕ್ಕಿಗಾಗಿ ಮೊದಲು ಓಡಾಡಿದವರು ಕಣ್ಣು ಕಾಣದವರೇ. ನ್ಯಾಶ್‌ವಿಲ್‌ನ ಮಾರಿಸ್ ಫ್ರಾಂಕ್ 1928ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತರಬೇತಿ ಪಡೆದು ಬಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ಅಮೆರಿಕಕ್ಕೆ ವಾಪಸ್ ಬಂದರು. ಮರುವರ್ಷ ಅವರು ಮತ್ತು ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳಿಗೆ ತರಬೇತಿ ಕೊಡುತ್ತಿದ್ದ ಡೊರೊಥಿ ಯೂಸ್ಟಿಸ್ ಸೇರಿ, ಕಣ್ಣು ಕಾಣದವರಿಗೆ ನಾಯಿ ತಯಾರು ಮಾಡುವ ‘ದಿ ಸೀಯಿಂಗ್ ಐ’ ಸಂಸ್ಥೆ ಕಟ್ಟಿದರು. ಆಗ ರೈಲಿನಲ್ಲಿ, ಹೋಟೆಲಿನಲ್ಲಿ ಅವರಿಗೂ "ನಾಯಿ ಹೊರಗೆ" ಅನ್ನುವ ಉತ್ತರವೇ ಸಿಗುತ್ತಿತ್ತು. ವರ್ಷಗಟ್ಟಲೆ ತಿರುಗಾಡಿ ಜನರ ಮನಸ್ಸು ಒಲಿಸಿಕೊಂಡರು. ಅದು ದೊಡ್ಡ ಗೆಲುವು. ಆದರೆ ಅದರ ಜೊತೆಗೇ ಒಂದು ಅಳತೆಗೋಲೂ ಉಳಿದುಬಿಟ್ಟಿತು. ನಾಯಿ ಇದೆ ಅಂದರೆ ಕಣ್ಣು ಕಾಣಬಾರದು. ಕಣ್ಣು ಕಂಡರೆ ನಾಟಕ. ಮೂರ್ಛೆ ರೋಗದವರು, ಸಕ್ಕರೆ ಕಾಯಿಲೆಯವರು, ಪಿಟಿಎಸ್‌ಡಿಯವರು ಇವತ್ತೂ ಆ ಕೋಲಿನಿಂದಲೇ ಏಟು ತಿನ್ನುತ್ತಿದ್ದಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವ ನಮ್ಮ ಗಾದೆಯನ್ನು ಇಂಥ ಕಡೆ ನಾವೇ ಮರೆಯುತ್ತೇವೆ.

ಅನುಮಾನಕ್ಕಿಂತ ಪ್ರೀತಿಯೇ ಕೆಲವು ಸಲ ಜಾಸ್ತಿ ತೊಂದರೆ ಕೊಡುತ್ತದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸದು. ಲಿಫ್ಟಿನಲ್ಲಿ ಒಬ್ಬರು ಹ್ಯಾಂಡ್ಲರ್, ಅವರ ನಾಯಿ, ನಾನು. ನಾಯಿ ನನ್ನ ಕಡೆ ನೋಡಿತು. ಅಯ್ಯೋ ಎಷ್ಟು ಮುದ್ದು ಎಂದು ಬಗ್ಗಿ ತಲೆ ಸವರಿದೆ. ಬಾಲ ಅಲ್ಲಾಡಿಸಿತು. ಮಹಡಿ ಬಂದು ಬಾಗಿಲು ತೆರೆದಾಗ ತಿರುಗಿ ನೋಡಿದರೆ, ಅವರು ಗೋಡೆಗೆ ಒರಗಿ ನಿಂತಿದ್ದರು. ಹಣೆ ಬೆವೆತಿತ್ತು. ಚಿಕ್ಕ ಜಾಗ, ಮುಚ್ಚಿದ ಬಾಗಿಲು, ಗುರುತಿಲ್ಲದ ನಾನು. ನಾಯಿ ತಟ್ಟಿ ಎಚ್ಚರಿಸಬೇಕಾಗಿದ್ದ ಹೊತ್ತಿನಲ್ಲಿ ಅದರ ಗಮನ ನನ್ನ ಕೈಯ ಮೇಲಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಅವರೇ ಒಂದು ಮಾತು ಹೇಳಿದರು. ನಾಯಿ ಬರೋ ಮುಂಚೆ ತನ್ನ ಕಾಯಿಲೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲವಂತೆ. ಮನೆಯಲ್ಲೇ ಇರುತ್ತಿದ್ದರು, ಅಷ್ಟೇ. ನಾಯಿ ಬಂದ ಮೇಲೆ ಹೊರಗೆ ಹೋಗೋಕೆ ಧೈರ್ಯ ಬಂತು, ಆದರೆ ಹೋದ ಕಡೆಯೆಲ್ಲ ನಾಲ್ಕು ಜನ ತಿರುಗಿ ನೋಡೋಕೆ ಶುರುಮಾಡಿದರು. ಅದರ ಹೆಸರೇನು, ತಳಿ ಯಾವುದು, ಫೋಟೋ ತೆಗೀಬಹುದಾ, ನಿಮಗೇನಾಗಿದೆ? ಹಾಲು ತರೋಕೆ ಹೋದರೆ ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ. ಸದ್ದಿಲ್ಲದೆ ಬದುಕೋಣ ಎಂದು ಬಯಸುವವರಿಗೆ ಗುಂಪು ಸೇರಿಸುವ ನಾಯಿ. ಕೆಲವರು ಇದಕ್ಕೇ ಬೇಸತ್ತು ನಾಯಿಯನ್ನು ವಾಪಸ್ ಕೊಟ್ಟದ್ದನ್ನೂ ನೋಡಿದ್ದೇನೆ.

ಪಿಟಿಎಸ್‌ಡಿ ಇರುವವರು ಯಾವಾಗ ಮೈಮೇಲೆ ಬೀಳ್ತಾರೋ ಗೊತ್ತಿಲ್ಲ ಎಂದು ದೂರ ಸರಿಯುವವರೂ ಇದ್ದಾರೆ. ಇದು ಬಹುಪಾಲು ಕಟ್ಟುಕಥೆ. ನಾನು ಕಂಡವರಲ್ಲಿ ಹೆಚ್ಚಿನವರು ಜಗಳ ಕಂಡರೆ ಮೊದಲು ಬಾಗಿಲು ಹುಡುಕುವವರು.

ನಾಯಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಅಮೆರಿಕದ ಮಾಜಿ ಸೈನಿಕರ ಇಲಾಖೆಯೇ ಸರ್ವಿಸ್ ಡಾಗ್ ಮತ್ತು ಎಮೋಷನಲ್ ಸಪೋರ್ಟ್ ನಾಯಿಗಳನ್ನು ಹೋಲಿಸಿ ಅಧ್ಯಯನ ಮಾಡಿತು. ದಿನನಿತ್ಯದ ಬದುಕು ನಡೆಸುವುದರಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಿಟಿಎಸ್‌ಡಿ ಲಕ್ಷಣಗಳು ಮಾತ್ರ ಸರ್ವಿಸ್ ಡಾಗ್ ಇದ್ದವರಲ್ಲಿ ಸ್ವಲ್ಪ ಜಾಸ್ತಿ ತಗ್ಗಿದ್ದವು. 2024ರಲ್ಲಿ ಬಂದ ಇನ್ನೊಂದು ಅಧ್ಯಯನ 156 ಸೈನಿಕರು ಮತ್ತು ಮಾಜಿ ಸೈನಿಕರನ್ನು ನೋಡಿತು. ನಾಯಿ ಸಿಕ್ಕವರಲ್ಲಿ ಮೂರು ತಿಂಗಳ ನಂತರ, ಇನ್ನೂ ಕಾಯುತ್ತಿದ್ದವರಿಗಿಂತ ಲಕ್ಷಣಗಳು ಕಡಿಮೆ ಇದ್ದವು. ಕಾಯಿಲೆ ಬಿಟ್ಟುಹೋಗಲಿಲ್ಲ, ತಗ್ಗಿತು. ಔಷಧಿ, ಕೌನ್ಸೆಲಿಂಗ್ ಜೊತೆಗೆ ನಾಯಿಯೂ ಒಂದು. ಕೆಲವರಿಗೆ ನಾಯಿ ಬೇಡವೇ ಬೇಡ.

ಆಕೆ ಮತ್ತೆ ನಿಮ್ಮ ಅಂಗಡಿಗೆ ಬರಬಹುದು, ಬರದೆಯೂ ಇರಬಹುದು. ಬಂದರೆ ಹಿಂದಿನಿಂದ ಹೋಗಿ ಮಾತಾಡಿಸಬೇಡಿ. ಆಕೆಗೆ ಕಾಣುವ ಹಾಗೆ ಎದುರಿನಿಂದ ಬನ್ನಿ, ಎರಡು ಹೆಜ್ಜೆ ದೂರದಲ್ಲೇ ನಿಲ್ಲಿ. ಅಕ್ಕಪಕ್ಕ ಯಾರೂ ಇಲ್ಲದಾಗ ಮೆಲ್ಲಗೆ "ಅವತ್ತು ನಾನು ಕೇಳಬಾರದ್ದು ಕೇಳಿದೆ, ಕ್ಷಮಿಸಿ" ಅನ್ನಿ. ಅಷ್ಟು ಸಾಕು. ಉದ್ದಕ್ಕೆ ಕ್ಷಮೆ ಕೇಳುತ್ತಾ ನಿಂತರೆ ಮತ್ತೆ ಎಲ್ಲರೂ ತಿರುಗಿ ನೋಡುತ್ತಾರೆ. ನಿಮ್ಮ ಬಾಗಿಲ ಹುಡುಗರಿಗೆ ಆ ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಕ್ಯೂನಲ್ಲಿ ಕೇಳಬೇಡಿ, ಬಾಗಿಲಲ್ಲೇ ತಗ್ಗಿದ ದನಿಯಲ್ಲಿ ಕೇಳಿ ಮುಗಿಸಿ ಎಂದು ಹೇಳಿ. ಬೇರೆ ಗಿರಾಕಿ ಯಾರಾದರೂ ಆಕೆಯನ್ನು ವಿಚಾರಿಸೋಕೆ ಶುರುಮಾಡಿದರೆ "ನಾವು ಕೇಳಿಯಾಗಿದೆ ಸರ್, ನೀವು ಈ ಕೌಂಟರಿಗೆ ಬನ್ನಿ" ಎಂದು ಅವರನ್ನೇ ಪಕ್ಕಕ್ಕೆ ಕರೆಯಿರಿ. ನಾಯಿ ನಿಮ್ಮ ಮುಖ ನೋಡಿ ಬಾಲ ಅಲ್ಲಾಡಿಸಿದರೂ ಕೈ ಚಾಚಬೇಡಿ. ಕಷ್ಟ, ನನಗೂ ಗೊತ್ತು.